ಅರಿಶಿನ ಹಚ್ಚಿದ ಇಮೇಲ್ ವಿಳಾಸ

ನನ್ನ ತಂಗಿಗೆ ಒಂದು ವಿಳಾಸ ಹೇಳಬೇಕಿತ್ತು. ನಾನು ಹೇಳಲಿಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ಹತ್ತು ನಿಮಿಷಕ್ಕೊಂದು ಬಸ್ಸು. ಬಾತಿ ದಾಟಿದ ಮೇಲೆ ಕಣ್ಣು ಮುಚ್ಚಿ ತೆಗೆದರೆ ಹರಿಹರದ ಬಸ್ ನಿಲ್ದಾಣ. ಅಷ್ಟು ದೂರ ಹೋಗಿ ಒಂದು ಸಾಲು ಹೇಳಿ ಬರಲು ನನಗೆ ನಾಲ್ಕು ತಿಂಗಳು ಸಾಲಲಿಲ್ಲ. ಆ ನಾಲ್ಕು ತಿಂಗಳೂ ನಮ್ಮ ಓಣಿಯಲ್ಲೇ ಅತಿ ವೇಗದ ಇಂಟರ್ನೆಟ್ ನಮ್ಮ ಮನೆಯಲ್ಲಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳಲು ಕೂತವನು ಅರ್ಧ ಒಪ್ಪಿಕೊಂಡು ಎದ್ದು ಹೋಗಬಾರದು.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಅಪ್ಪ ಮಂಡಿಪೇಟೆಯ ಅಂಗಡಿಯಲ್ಲಿ ಕೂರಿಸಿದರು. ನಮ್ಮದು ಗೋಣಿಚೀಲದ ವ್ಯಾಪಾರ. ಹಳೆಯ ಚೀಲ ತರುವುದು, ಕೊಡವುವುದು, ತೂತಿಗೆ ತೇಪೆ ಹಾಕಿಸುವುದು, ಮಲೆಬೆನ್ನೂರು ಕಡೆಯ ಭತ್ತದವರಿಗೆ ಮಾರುವುದು. ಇದಕ್ಕೆ ಏಳನೇ ಕ್ಲಾಸೂ ಹೆಚ್ಚೇ. ತಂಗಿ ನನಗಿಂತ ಆರು ವರ್ಷ ಚಿಕ್ಕವಳು, ಅವಳಿಗೆ ಓದು ಹತ್ತಿತು. ಪಿಯುಸಿ ಮುಗಿಸಿ, ಇಂಗ್ಲಿಷ್ ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿ, ಮದುವೆಯಾಗಿ ಹರಿಹರಕ್ಕೆ ಹೋದಳು. ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಇವಳು ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲೊಂದು ಕೋಣೆ ಹಿಡಿದು, ಆರು ಟೈಪ್‌ರೈಟರ್ ಇಟ್ಟು ಟೈಪಿಂಗ್ ಶಾಲೆ ನಡೆಸುತ್ತಿದ್ದಳು.

ಗೋಣಿಚೀಲದವನಿಗೆ ಕಂಪ್ಯೂಟರ್ ಯಾಕೆ ಎಂದು ನೀವು ಕೇಳಬಹುದು. ಎದುರು ಮನೆಯ ಗೊಬ್ಬರದ ವ್ಯಾಪಾರಿಯ ಮನೆಯಲ್ಲಿತ್ತು, ಅದಕ್ಕೆ. ಅವರ ಮನೆಯಲ್ಲಿ ಯಾಕಿತ್ತು ಎಂದು ನನಗೆ ತಿಳಿಯದು. ಬಹುಶಃ ಅವರ ಎದುರಿಗೆ ನಾನಿದ್ದೆ, ಅದಕ್ಕೇ ಇರಬೇಕು.

ನಮ್ಮ ಮನೆಯಲ್ಲಿ ಫೋನು ಇದ್ದದ್ದು ದೇವರ ಜಗಲಿಯ ಪಕ್ಕ. ಬರುವ ಸುದ್ದಿಯೆಲ್ಲ ಒಳ್ಳೆಯದೇ ಇರಲಿ ಎಂದು ಅಪ್ಪ ಅಲ್ಲಿ ಹಾಕಿಸಿದ್ದರು. ಇಂಟರ್ನೆಟ್ಟಿಗೆ ಫೋನಿನ ವೈರೇ ಬೇಕೆಂದು ಕಂಪ್ಯೂಟರನ್ನೂ ಜಗಲಿಯ ಪಕ್ಕಕ್ಕೇ ಇಡಬೇಕಾಯಿತು. ನನ್ನ ಹೆಂಡತಿ ಮೊದಲ ದಿನವೇ ಪರದೆಯ ನೆತ್ತಿಗೆ ಮೂರು ಬೆರಳಿನ ವಿಭೂತಿ ಎಳೆದು ಕಾನೂನು ಮಾಡಿದಳು: "ಜಳಕ ಮಾಡದ ಯಾರೂ ಇದನ್ನ ಮುಟ್ಟಂಗಿಲ್ಲ." ಹೀಗೆ ನಮ್ಮಲ್ಲಿ ಇಮೇಲ್ ಎಂಬುದು ಮಡಿಯಲ್ಲಿ ಶುರುವಾಯಿತು.

ಅದನ್ನು ಶುರು ಮಾಡಿಕೊಟ್ಟವಳು ತಂಗಿಯೇ. ಸಂಕ್ರಾಂತಿಗೆ ಬಂದವಳು ಒಂದು ದಿನ ಹೆಚ್ಚಿಗೆ ಉಳಿದು, ತಲೆಗೆ ನೀರು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಇಂಟರ್ನೆಟ್ ಕಂಪನಿಯವನು ಕೊಟ್ಟಿದ್ದ ಇಂಗ್ಲಿಷ್ ಹಾಳೆಯನ್ನು ಓದಿ ಓದಿ ನನಗೊಂದು ವಿಳಾಸ ಮಾಡಿದಳು. ಆ ಕಾಲದಲ್ಲಿ ನಮ್ಮ ಲೈನು ಹುಬ್ಬಳ್ಳಿಗೆ ಹೋಗಿ ಸೇರಬೇಕಿತ್ತು. ಸೇರುವ ಮುಂಚೆ ತಗಡಿನ ಮೇಲೆ ಮೊಳೆ ಎಳೆದಂತೆ ಕಿರುಚುತ್ತಿತ್ತು. ಕಿರುಚಿದಾಗಲೆಲ್ಲ ಹೆಂಡತಿ ಅಡಿಗೆಮನೆಯಿಂದಲೇ ಕೈ ಮುಗಿಯುತ್ತಿದ್ದಳು. ದೇವರ ಜಗಲಿಯ ಕಡೆಯಿಂದ ಬಂದ ಸದ್ದಲ್ಲವೇ.

"ಅಣ್ಣ, ಒಂದು ಗುಟ್ಟಿನ ಮಾತು ಬೇಕು. ಪಾಸ್‌ವರ್ಡ್ ಅಂತಾರ. ಬ್ಯಾರೆ ಯಾರಿಗೂ ಗೊತ್ತಾಗಬಾರ್ದು."

"ಮನೆ ದೇವರ ಹೆಸರು ಹಾಕು."

"ಅದು ಅಂಗಡಿ ಬೋರ್ಡಿನ ಮ್ಯಾಲ ಒಂದೊಂದು ಅಡಿ ಅಕ್ಷರದಾಗ ಐತಲ್ಲೋ!"

ಕೊನೆಗೆ ಅವಳೇ ಏನೋ ಒಂದು ಹಾಕಿದಳು. ನಾನು ಮರೆಯುತ್ತೇನೆಂದು ಕ್ಯಾಲೆಂಡರಿನ ಜನವರಿ ಹಾಳೆಯ ಹಿಂದೆ ದೊಡ್ಡದಾಗಿ ಬರೆದಿಟ್ಟಳು. ಪತ್ರ ತೆಗೆಯುವುದು ಹೇಗೆ, ಓದುವುದು ಹೇಗೆ, ಮುಚ್ಚುವುದು ಹೇಗೆ ಎಂದು ನನ್ನ ಬೆರಳು ಹಿಡಿದು ಮೂರು ಸಲ ತೋರಿಸಿದಳು. ಹಿಂದೊಮ್ಮೆ ನಾನು ಅವಳಿಗೆ ಸೈಕಲ್ ಕಲಿಸಿದ್ದೆ. ಅವಳಿಗೆ ನನಗಿಂತ ತಾಳ್ಮೆ ಹೆಚ್ಚು.

ಹೊರಡುವಾಗ ಅಸಲು ವಿಷಯ ಹೇಳಿದಳು. ಟೈಪ್‌ರೈಟರ್ ಕಲಿಯಲು ಬರುವವರು ಕಮ್ಮಿಯಾಗುತ್ತಿದ್ದರು. ಬೆಂಗಳೂರಿನ ಒಂದು ಕಂಪ್ಯೂಟರ್ ತರಬೇತಿ ಕಂಪನಿ ತಾಲ್ಲೂಕಿಗೆ ಒಂದೇ ಒಂದು ಕೇಂದ್ರ ಕೊಡುತ್ತದಂತೆ. ಮಷೀನು ಅವರದು, ಜಾಗ ಮತ್ತು ಕಲಿಸುವವರು ನಮ್ಮವರು. ಹರಿಹರ ತಾಲ್ಲೂಕಿಗೆ ತಾನು ಅರ್ಜಿ ಹಾಕುವವಳಿದ್ದಳು. ಅರ್ಜಿಯಲ್ಲಿ ಇಮೇಲ್ ವಿಳಾಸ ಬರೆಯಲೇಬೇಕಿತ್ತು.

"ನಿನ್ನ ವಿಳಾಸ ಕೊಡ್ತೀನಣ್ಣ. ಉತ್ತರ ಇದಕ್ಕೇ ಬರ್ತೈತೆ. ವಾರಕ್ಕೊಮ್ಮೆ ತೆಗೆದು ನೋಡು. ಏನರ ಬದಲಾಯ್ಸೋದಿದ್ರೆ ಮೊದ್ಲು ನನಗ ಹೇಳು."

"ನಾ ಯಾಕ ಬದಲಾಯ್ಸಲಿ? ಇದೇನು ಬಾಡಿಗಿ ಮನೀನಾ?"

ಯುಗಾದಿ ಮುಗಿದು ಇನ್ನೂ ಬೇವು ಬಾಯಲ್ಲಿತ್ತು, ಬದಲಾಯಿಸಿದೆ.

ಆದದ್ದು ಇಷ್ಟು. ಎದುರು ಮನೆಯವರು ಹೊಸ ಕಂಪನಿಯ ಲೈನು ತೆಗೆದುಕೊಂಡರು. ಅದು ಹುಬ್ಬಳ್ಳಿಗೆ ಹೋಗುವುದಿಲ್ಲ, ಸ್ಥಳೀಯ ಕರೆಯಂತೆ ದಾವಣಗೆರೆಯಲ್ಲೇ ಸೇರುತ್ತದೆ, ಅದಕ್ಕೇ ಎರಡು ಪಟ್ಟು ವೇಗ ಎಂದು ಅವರು ಬಾಗಿಲಲ್ಲಿ ನಿಂತು ಹೇಳಿದರು. ಮರುದಿನವೇ ಕಂಪನಿಯವನು ನಮ್ಮ ಮನೆಗೂ ಬಂದ. ಏಪ್ರಿಲ್ಲಿನ ಬಿಸಿಲಲ್ಲಿ ಕುತ್ತಿಗೆಗೆ ಟೈ ಬಿಗಿದುಕೊಂಡಿದ್ದ. ಆ ಬಿಸಿಲಲ್ಲಿ ಟೈ ಕಟ್ಟುವವನು ಸುಳ್ಳು ಹೇಳಲಾರ ಎಂದು ನನಗೆ ಯಾಕೋ ಅನ್ನಿಸಿತು.

"ಸಾರ್, ಅರ್ಧ ತಾಸಿನ ಕೆಲ್ಸ ಐದು ನಿಮಿಷಕ್ಕೆ ಆಗ್ತೈತ್ರಿ."

ನನಗೆ ಅರ್ಧ ತಾಸಿನ ಕೆಲಸವೇ ಇರಲಿಲ್ಲ. ಮೂರು ತಿಂಗಳಲ್ಲಿ ನನಗೆ ಬಂದ ಇಮೇಲುಗಳು ನಾಲ್ಕು, ನಾಲ್ಕೂ ಹಳೆಯ ಕಂಪನಿಯವು, ತಮ್ಮ ಸೇವೆಯನ್ನು ತಾವೇ ಹೊಗಳಿಕೊಂಡವು. ಆದರೂ ಐದು ನಿಮಿಷ ಎಂದು ಕೇಳಿದ ಕೂಡಲೇ, ಇಷ್ಟು ದಿನ ಇಪ್ಪತ್ತೈದು ನಿಮಿಷ ಯಾರೋ ಕದ್ದರೆಂದು ಸಿಟ್ಟು ಬಂತು. ಹೊಸ ಲೈನಿಗೆ ಸಹಿ ಹಾಕಿದೆ. ಹೊಸ ಕಂಪನಿಗೆ ಹೊಸ ವಿಳಾಸ ಎಂದ. ಆಗಲಿ ಎಂದೆ.

ಹೆಂಡತಿ ಅವನನ್ನು ತಡೆದು, "ಜಳಕ ಆಗೇತೇನ್ರಿ?" ಎಂದಳು. ಅವನು ತಬ್ಬಿಬ್ಬಾಗಿ, ಬೆಳಿಗ್ಗೆ ಆಗಿದೆ ಎಂದ. ಕೈಕಾಲಾದರೂ ತೊಳೆಯಿರಿ ಎಂದು ಚೊಂಬು ಕೊಟ್ಟಳು. ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಕಾಲು ತೊಳೆದು ಬಂದು ಅವನು ಹೊಸ ವಿಳಾಸ ಮಾಡಿಕೊಟ್ಟ.

ವೇಗ ಪರೀಕ್ಷೆ ಮಾಡಬೇಕಲ್ಲ. ಎದುರು ಮನೆಯವರಿಗೆ ಒಂದು ಇಮೇಲ್ ಕಳಿಸಿದೆ. ಕಳಿಸಿ ಬಾಲ್ಕನಿಗೆ ಓಡಿದೆ.

"ಬಂತೇನ್ರೀ?"

"ಇನ್ನೂ ಇಲ್ರೀ!"

"ಈಗ?"

"ತಡೀರಿ, ನಮ್ಮಾಕಿ ಫೋನಿನ್ಯಾಗ ಅದಾಳ!"

ಅವರ ಮನೆಯಾಕೆ ತವರಿನ ಜೊತೆ ಮಾತು ಮುಗಿಸುವ ತನಕ ನಾವಿಬ್ಬರೂ ಎದುರುಬದುರು ನಿಂತು ಆಕಾಶ ನೋಡಿದೆವು. ಆಮೇಲೆ ಅವರು ಕೂಗಿದರು: "ಬಂತ್ರೀ! 'ನಮಸ್ಕಾರ' ಅಂತ ಐತೆ!" ನಾನು ಇಲ್ಲಿಂದಲೇ ಕೈ ಮುಗಿದೆ. ಅವರು ಅಲ್ಲಿಂದ ಕೈ ಮುಗಿದರು. ಹಳೆಯ ಲೈನಿಗಿಂತ ವೇಗ ಎಂದು ಇಬ್ಬರೂ ಒಪ್ಪಿದೆವು.

ಇಷ್ಟು ದೊಡ್ಡ ಸಂಗತಿಯನ್ನು ಊರಿಗೆ ತಿಳಿಸದೆ ಇರುವುದು ಹೇಗೆ? ಚೌಕಿಪೇಟೆಯ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಹೊಸ ವಿಳಾಸದ ಕಾರ್ಡು ಹಾಕಿಸಿದೆ. ಪ್ರೆಸ್ಸಿನವರು ಕೈಗೆ ಅಭ್ಯಾಸವಾದಂತೆ ಮೇಲೆ ಗಣಪತಿ, ಕೆಳಗೆ "ತಮ್ಮ ಆಗಮನಾಭಿಲಾಷಿಗಳು" ಎಂದು ಜೋಡಿಸಿದ್ದರು. ಚೆನ್ನಾಗಿಯೇ ಕಂಡಿತು, ಬಿಟ್ಟೆ. ಹೆಂಡತಿ ಕೂತು ಪ್ರತಿ ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. ಕಾರ್ಡು ಗಿರಣಿಯವರಿಗೆ ಹೋಯಿತು, ಲಾರಿ ಆಫೀಸಿಗೆ ಹೋಯಿತು, ಕ್ಷೌರದಂಗಡಿಗೆ ಹೋಯಿತು. ಲೋಕಿಕೆರೆಯ ರೈತರೊಬ್ಬರು ಚೀಲ ಒಯ್ಯಲು ಬಂದಾಗ ಅವರಿಗೂ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ, "ಭಾಳ ಸಂತೋಷ. ಅಕ್ಕಿಕಾಳು ಎಷ್ಟು ಗಂಟೆಗೆ? ಯಾವ ಛತ್ರ?" ಎಂದರು. ಇದು ಇಮೇಲ್ ಎಂದು ಬಿಡಿಸಿ ಹೇಳಿದೆ. ಅವರು ಕಾರ್ಡನ್ನು ಪೇಟದೊಳಗೆ ಸಿಕ್ಕಿಸಿಕೊಂಡು, "ಹೆಂಗರ ಇರ್ಲಿ, ಮನಿ ಮಂದಿ ಎಲ್ಲಾ ಬರ್ತೀವಿ" ಎಂದು ಮಾತು ಕೊಟ್ಟು ಹೋದರು.

ಎಲ್ಲರಿಗೂ ಮುಟ್ಟಿತು. ತಂಗಿಗೆ ಮುಟ್ಟಲಿಲ್ಲ.

ನಮ್ಮಲ್ಲಿ ಅರಿಶಿನ ಹಚ್ಚಿದ ಕಾರ್ಡನ್ನು ಮನೆಯ ಹೆಣ್ಣುಮಗಳಿಗೆ ಪೋಸ್ಟಿನಲ್ಲಿ ಕಳಿಸುವುದಿಲ್ಲ. ಗಂಡಹೆಂಡತಿ ಇಬ್ಬರೂ ಹೋಗಬೇಕು. ಕುಂಕುಮ ಹಚ್ಚಿ, ಜಂಪರ್ ಪೀಸು, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು, ಉಡಿ ತುಂಬಿ ಕೈಗೆ ಕೊಡಬೇಕು. ಹೆಂಡತಿ ಅದನ್ನೇ ಹೇಳಿದಳು: "ಊರಿಗೆಲ್ಲಾ ಕೊಟ್ಟು ಅಕಿಗೆ ಫೋನಿನ್ಯಾಗ ಹೇಳ್ತೀರೇನು? ತವರಿನ ಮರ್ಯಾದಿ ಏನಾದೀತು?" ಸರಿ, ಹೋಗೋಣ ಎಂದುಕೊಂಡೆ. ಆ ವಾರ ಅಮಾವಾಸ್ಯೆ ಬಂತು. ಅದರ ಮುಂದಿನ ವಾರ ಜಂಪರ್ ಪೀಸಿನ ಬಣ್ಣ ಹೆಂಡತಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ಚೀಲದ ಸುಗ್ಗಿ. ಆಮೇಲೆ ಆಷಾಢ, ಆಷಾಢದಲ್ಲಿ ಉಡಿ ತುಂಬುವುದಿಲ್ಲ. ಹೇಗೂ ನಾಗರ ಪಂಚಮಿಗೆ ಅವಳನ್ನು ಕರೆತರಲು ಹೋಗಲೇಬೇಕಲ್ಲ, ಆಗ ಎಲ್ಲ ಒಟ್ಟಿಗೆ ಆಗಲಿ ಎಂದು ಇಬ್ಬರೂ ನಿರಾಳವಾದೆವು.

ಇಷ್ಟು ಬರೆದು ನಿಲ್ಲಿಸಿದರೆ ತಪ್ಪೆಲ್ಲ ಸಂಪ್ರದಾಯದ ಮೇಲೆ ಬೀಳುತ್ತದೆ. ಅದು ನ್ಯಾಯವಲ್ಲ. ಮೇ ತಿಂಗಳಲ್ಲಿ ತಂಗಿ ಹರಿಹರದ ಔಷಧಿ ಅಂಗಡಿಯಿಂದ ಫೋನು ಮಾಡಿದಳು.

"ಏನರ ಬಂತೇನಣ್ಣ?"

"ಏನೂ ಇಲ್ಲವ್ವಾ. ದಿನಾ ಜಳಕ ಮಾಡಿ ತಪ್ಪದ ನೋಡ್ತೀನಿ."

ನೋಡುತ್ತಿದ್ದುದು ನಿಜ. ನೋಡುತ್ತಿದ್ದುದು ಹೊಸ ಪೆಟ್ಟಿಗೆಯನ್ನು. ಮನೆ ಬದಲಾಯಿಸಿದರೆ ಪೋಸ್ಟಿನವರು ವಿಚಾರಿಸಿಕೊಂಡು ಹೊಸ ಮನೆಗೇ ಕಾಗದ ತಂದುಕೊಡುವುದಿಲ್ಲವೇ, ಇದೂ ಹಾಗೆಯೇ ಎಂದು ನಂಬಿದ್ದೆ. ಇರಲಿ, ಅದು ತಿಳಿಯದೆ ಮಾಡಿದ್ದು. ಆದರೆ ಫೋನು ಕೈಯಲ್ಲೇ ಇತ್ತು. "ವಿಳಾಸ ಬದಲಾಗೈತೆ" ಎನ್ನಲು ಎರಡು ಉಸಿರು ಸಾಕಿತ್ತು. ಹೇಳಿದರೆ ಅವಳು "ಯಾಕ ಬದಲಾಯ್ಸಿದಿ?" ಎಂದು ಕೇಳುತ್ತಿದ್ದಳು. ಎದುರು ಮನೆಯವರು ಬದಲಾಯಿಸಿದರು ಎನ್ನುವುದನ್ನು ಬಿಟ್ಟು ನನ್ನಲ್ಲಿ ಬೇರೆ ಉತ್ತರವಿರಲಿಲ್ಲ. ನನಗೆ ಬೆರಳು ಹಿಡಿದು ಕಲಿಸಿದವಳ ಮುಂದೆ ಅಷ್ಟು ಸಣ್ಣವನಾಗಲು ಮನಸ್ಸಾಗಲಿಲ್ಲ. ಉಡಿ, ಜಂಪರ್ ಪೀಸು, ಆಷಾಢ ಎಲ್ಲವೂ ನನಗೆ ಒಳ್ಳೆಯ ನೆಪವಾದವು.

ಆಷಾಢದಲ್ಲೇ ಹಳೆಯ ಕಂಪನಿಯವನು ಬಂದ. ಬಿಟ್ಟುಹೋದ ಗಿರಾಕಿಯನ್ನು ಮತ್ತೆ ಒಲಿಸಿಕೊಳ್ಳಲು ಬಂದಿದ್ದ. ಇವನಿಗೆ ಟೈ ಇರಲಿಲ್ಲ. ಕಾಲು ತೊಳೆದುಕೊಂಡು ಕೂತು, "ನಿಮ್ಮ ಹಳೇ ಪೆಟ್ಟಿಗಿ ಇನ್ನೂ ಜೀವಂತ ಐತ್ರಿ, ತೋರಿಸ್ತೀನಿ" ಎಂದ. ಗುಟ್ಟಿನ ಮಾತು ಕೇಳಿದ. ಕ್ಯಾಲೆಂಡರಿನ ಜನವರಿ ಹಾಳೆ ಎತ್ತಿ ತೋರಿಸಿದೆ.

"ನೋಡ್ರಿ, ಹನ್ನೊಂದು ಕಾಗದ ಬಂದು ಕುಂತಾವ!"

ಹತ್ತು ಅವನ ಕಂಪನಿಯವೇ. ಹನ್ನೊಂದನೆಯದನ್ನು ಅವನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದ. ಬೆಂಗಳೂರಿನ ತರಬೇತಿ ಕಂಪನಿಯದು. ತಂಗಿಯ ಅರ್ಜಿ ಮೊದಲನೆಯದಾಗಿ ಆಯ್ಕೆಯಾಗಿದೆ, ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕು, ತಿಳಿಸದಿದ್ದರೆ ಎರಡನೆಯವರಿಗೆ ಕೊಡಲಾಗುತ್ತದೆ ಎಂದಿತ್ತು. ಬಂದು ಎರಡು ತಿಂಗಳು ದಾಟಿತ್ತು.

"ಒಳ್ಳೇ ಸುದ್ದಿ ಅಲ್ರೀ ಸಾರ್?" ಎಂದ ಅವನು. ಅವನಿಗೆ ತಾರೀಖು ಓದುವ ಅಭ್ಯಾಸವಿರಲಿಲ್ಲ. ಕಂಪ್ಯೂಟರಿನ ಜೊತೆ ಬಂದಿದ್ದ ಪ್ರಿಂಟರಿನಲ್ಲಿ ಪ್ರಿಂಟು ತೆಗೆದು ನನ್ನ ಕೈಗೆ ಕೊಟ್ಟು, ಹಳೆಯ ಕಂಪನಿಗೇ ವಾಪಸು ಬನ್ನಿ ಎಂದು ಹೇಳಿ ಹೋದ.

ಹೆಂಡತಿ ನನ್ನ ಮುಖ ನೋಡಿದಳು, ಕಾಗದ ನೋಡಿದಳು. "ಅದನ್ನ ಮನ್ಯಾಗ ಇಡಬ್ಯಾಡ್ರಿ" ಎಂದಳು, ಮೆಲ್ಲಗೆ. ನಮ್ಮಲ್ಲಿ ಸಾವಿನ ಸುದ್ದಿಯ ಕಾಗದವನ್ನು ಒಳಗೆ ತರುವುದಿಲ್ಲ. ಹೊರಗೆ ನಿಂತು ಓದಿ, ಅಲ್ಲೇ ಹರಿದು, ಕೈಕಾಲು ತೊಳೆದು ಒಳಗೆ ಬರುವುದು. ಈ ಕಾಗದ ಆಗಲೇ ದೇವರ ಜಗಲಿಯ ಪಕ್ಕಕ್ಕೇ ಬಂದುಬಿಟ್ಟಿತ್ತು. ಅಂಗಳಕ್ಕೆ ಒಯ್ದು ಹರಿದೆ. ಕೈ ತೊಳೆದೆ, ಕಾಲು ತೊಳೆದೆ, ಒಳಗೆ ಬಂದೆ. ಸತ್ತದ್ದು ಏನು ಎಂದು ಕೇಳಿಕೊಳ್ಳಲಿಲ್ಲ.

ಮೂರನೆಯ ದಿನ ತಂಗಿಯ ಫೋನು. "ಎದುರಿನ ಕಟ್ಟಡದಾಗ ಆ ಕಂಪನಿ ಕೇಂದ್ರ ಶುರುವಾತಣ್ಣ. ಬ್ಯಾರೆಯವರಿಗೆ ಕೊಟ್ಟಾರ. ನನಗ ಇಲ್ಲ ಅಂತಾನರ ಒಂದು ಸಾಲು ಬರೀಬಾರ್ದಿತ್ತಾ?"

"ಅಂಥಾ ಕಂಪನಿ ನಂಬಬಾರ್ದವ್ವಾ" ಎಂದೆ.

ಮೊದಲು ಹೇಳದೆ ಮುಂದೂಡಿದ್ದನ್ನು ಸೋಮಾರಿತನ ಎನ್ನಬಹುದು, ಮೇ ತಿಂಗಳ ಫೋನಿನಲ್ಲಿ ಬಚ್ಚಿಟ್ಟದ್ದನ್ನು ಸಂಕೋಚ ಎನ್ನಬಹುದು. ಇದು ಸುಳ್ಳು. ಸ್ಥಳೀಯ ಕರೆಯಷ್ಟೇ ವೇಗವಾಗಿ ಬಾಯಿಂದ ಬಂತು.

ಶ್ರಾವಣ ಬಂತು. ಪಂಚಮಿಗೆ ಎರಡು ದಿನ ಮುಂಚೆ ಅವಳನ್ನು ಕರೆತರಲು ನಾನೊಬ್ಬನೇ ಹೊರಟೆ. ಹೆಂಡತಿ ಉಂಡಿ ಕಟ್ಟುವುದರಲ್ಲಿದ್ದಳು. ಚೀಲದಲ್ಲಿ ಜಂಪರ್ ಪೀಸು, ತೆಂಗಿನಕಾಯಿ, ಕೊನೆಗೆ ಉಳಿದಿದ್ದ ಒಂದು ಕಾರ್ಡು. ಬಾತಿ ಯಾವಾಗ ದಾಟಿತೋ ತಿಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಆ ಬಸ್ಸು ನಿಧಾನವಾಗಿ ಹೋಗಬಾರದೇ ಎನಿಸಿತು.

ಟೈಪಿಂಗ್ ಶಾಲೆಯಲ್ಲಿ ಆರು ಮಷೀನುಗಳಲ್ಲಿ ನಾಲ್ಕರ ಮುಂದೆ ಮಾತ್ರ ಹುಡುಗಿಯರಿದ್ದರು. ಆದರೂ ಸದ್ದು ಕಿವಿ ತುಂಬುವಷ್ಟಿತ್ತು. ಕಿಟಕಿಯ ಆಚೆ, ರಸ್ತೆಯ ಎದುರು, ಗಾಜಿನ ಬಾಗಿಲ ಕೇಂದ್ರ. ತಂಗಿ ನನಗೆ ಕುರ್ಚಿ ಎಳೆದಳು.

"ಬಾ ಅಣ್ಣ, ಕೂಡು. ಒಂದು ಹತ್ತು ನಿಮಿಷ, ಇವರ ಪಾಠ ಮುಗೀಲಿ. ಇನ್ನ ಈ ತಿಂಗಳಷ್ಟ. ಎದುರಿನವ್ರು ಕರೆದಾರ, ಅಲ್ಲಿ ಬಂದು ಬೆರಳು ಇಡೋದು ಕಲಿಸ್ರಿ ಅಂತ. ಸಂಬಳ ಕೊಡ್ತಾರಂತ. ಹೋಗ್ತೀನಿ."

"ನಿನ್ನ ಮಷೀನು?"

"ಗುಜರಿಯವ್ನು ಬಂದು ನೋಡಿ ಹೋಗ್ಯಾನ."

ಅವಳ ಮೇಜಿನ ಮೇಲೆ ಗಾಜಿನ ಕೆಳಗೆ ಒಂದು ನೀಲಿ ಕಾರ್ಬನ್ ಪ್ರತಿ ಇತ್ತು. ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು. ಏನದು ಎಂದೆ.

"ನನ್ನ ಅರ್ಜಿ. ಎಲ್ಲಿ ತಪ್ಪಾತು ಅಂತ ದಿನಾ ಒಂದ್ಸಲ ಓದ್ತೀನಿ. ಇಲ್ಲಿ ನೋಡು, ಈ ಸಾಲು ಒಂಚೂರು ಉದ್ದಾತು. ಇಲ್ಲಿ ಇಂಗ್ಲಿಷ್ ಸರಿ ಇಲ್ಲೇನೋ ಅನಸ್ತೈತೆ. ಪಿಯುಸಿ ಓದಿದಾಕಿಗೆ ಅಷ್ಟು ದೊಡ್ಡ ಆಸೆ ಇರಬಾರ್ದಿತ್ತು ಬಿಡು." ಹೇಳಿ ನಕ್ಕಳು. ಆಮೇಲೆ ಆ ಹುಡುಗಿಯರ ಕಡೆ ತಿರುಗಿ, "ಏ, ಬೆರಳು ನೋಡಬ್ಯಾಡ, ಹಾಳಿ ನೋಡು!" ಎಂದು ಗದರಿದಳು.

ಇಷ್ಟು ದಿನ ನಾನು ಲೆಕ್ಕ ಹಾಕಿದ್ದು ಅವಳಿಗೆ ಒಂದು ಕೇಂದ್ರ ತಪ್ಪಿತು ಎಂದು ಮಾತ್ರ. ಅವಳು ಕೂತು ತನ್ನನ್ನೇ ಪೆನ್ಸಿಲ್ಲಿನಿಂದ ತಿದ್ದುತ್ತಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಚೀಲದಿಂದ ಜಂಪರ್ ಪೀಸು ತೆಗೆದು ಮೇಜಿನ ಮೇಲಿಟ್ಟೆ. ಅದರ ಮೇಲೆ ತೆಂಗಿನಕಾಯಿ. ಅದರ ಪಕ್ಕ ಕಾರ್ಡು. ನಾಲ್ಕು ತಿಂಗಳಲ್ಲಿ ಮೂಲೆಯ ಅರಿಶಿನ ಕಂದಿತ್ತು. ಅವಳು ಓದಿದಳು. ಗಣಪತಿಯಿಂದ ಹಿಡಿದು ಆಗಮನಾಭಿಲಾಷಿಗಳ ತನಕ ಓದಿದಳು. ಮತ್ತೆ ಹೊಸ ವಿಳಾಸವಿದ್ದ ನಡುವಿನ ಸಾಲಿಗೆ ಹೋದಳು.

"ಇದು ಯಾವಾಗ?"

ನಾನು ಹೇಳಿದೆ. ಎಲ್ಲ ಹೇಳಿದೆ. ನಾಲ್ಕು ಮಷೀನುಗಳ ಸದ್ದಿನೊಳಗೆ, ನೆಲ ನೋಡಿಕೊಂಡು, ನನಗೇ ಕೇಳಿಸದಷ್ಟು ಮೆಲ್ಲಗೆ. ಸುಳ್ಳು ಹೇಳಲು ನನಗೆ ಸದ್ದು ಬೇಕಾಗಿರಲಿಲ್ಲ, ನಿಜ ಹೇಳಲು ಅದರ ಮರೆ ಬೇಕಾಯಿತು. ಹೇಳಿ ಮುಗಿಸಿ, ಆಯಿತು ಎಂದುಕೊಂಡು ತಲೆ ಎತ್ತಿದೆ.

ತಂಗಿ ಮೇಜಿನ ಮೇಲಿದ್ದ ಗಂಟೆ ಒತ್ತಿದಳು. ನಾಲ್ಕು ಮಷೀನೂ ಒಂದೇ ಸಲ ನಿಂತವು. ಹುಡುಗಿಯರು ತಿರುಗಿ ನೋಡಿದರು. ಕೆಳಗೆ ನಿಲ್ದಾಣದಲ್ಲಿ ದಾವಣಗೆರೆ, ದಾವಣಗೆರೆ ಎಂದು ಕಂಡಕ್ಟರ್ ಕೂಗುತ್ತಿದ್ದುದು ಕೇಳಿಸಿತು.

"ಏನಂದಿ? ಕೇಳ್ಸಲಿಲ್ಲ. ಗಟ್ಟಿಯಾಗಿ ಹೇಳು."

ಅವಳಿಗೆ ಕೇಳಿಸಿತ್ತು. ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ನಾನು ಎದ್ದು ನಿಂತೆ, ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಮುಂದೆ ನಿಲ್ಲುತ್ತಿದ್ದ ಹಾಗೆ.

"ಕಾಗದ ಬಂದಿತ್ತು, ತಂಗೀ. ನಿನ್ನನ್ನೇ ಮೊದಲು ಆರಿಸಿದ್ರು. ನಾ ಎದುರು ಮನಿ ನೋಡಿ ವಿಳಾಸ ಬದಲಾಯ್ಸಿದೆ, ನಿನಗ ಹೇಳಲಿಲ್ಲ. ಕಾಗದ ಹರಿದು ಹಾಕಿದೆ, ಆಮ್ಯಾಲ ಸುಳ್ಳೂ ಹೇಳಿದೆ. ನಿನ್ನ ಅರ್ಜಿಯಾಗ ಏನೂ ತಪ್ಪಿರ್ಲಿಲ್ಲವ್ವಾ, ಆ ಗೆರೆ ಎಲ್ಲಾ ಅಳಿಸು. ತಪ್ಪು ನಂದು. ಕ್ಷಮಿಸು."